ರೈಟರು ಯಾಕೆ ಕೂಗುತ್ತಾರೆ?

ಏಪ್ರಿಲ್ ತಿಂಗಳ ಒಂದು ಸಂಜೆ ಚಿಕ್ಕಮಗಳೂರಿನಲ್ಲಿ ಹಾರ್ಮೋನು ಮತ್ತು ಗ್ರಂಥಿಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಸಭೆಯಲ್ಲಿ ಕಾಫಿ ಬೆಳೆಗಾರರು, ಮೇಷ್ಟ್ರುಗಳು, ಅವರ ಮನೆಯವರು ಇದ್ದರು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಅಂದು ಬಾಯಿಗೆ ಬಾರದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಹಾಕೋಣ. ಇಲ್ಲಿ ಕುಳಿತವರಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗುವವರು ಕೈ ಎತ್ತಿ. ಹದಿನೆಂಟು ಕೈ. ಅದರಲ್ಲಿ ಗಂಡಸರವು ಎರಡು. ಅದೇನೂ ಆಶ್ಚರ್ಯವಲ್ಲ, ಈ ತೊಂದರೆ ಹೆಂಗಸರಲ್ಲೇ ಹಲವು ಪಟ್ಟು ಹೆಚ್ಚು. ಈಗ ಹೇಳಿ, ಮಾತ್ರೆಯ ಬೆನ್ನಿಗೇ ಕಾಫಿ ಕುಡಿಯುವವರು ಎಷ್ಟು ಜನ? ನಗಬೇಡಿ, ಕೈ ಎತ್ತಿ. ಹದಿನಾಲ್ಕು. ಕಾಫಿಯ ಸೀಮೆಯಲ್ಲಿ ಇಷ್ಟಾದರೂ ಇರುತ್ತದೆ ಎಂದುಕೊಂಡೇ ಬಂದಿದ್ದೆ.

ಆಲ್ದೂರಿನ ಕಡೆಯ ಒಬ್ಬ ಹೆಣ್ಣುಮಗಳು ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬರುತ್ತಿದ್ದರು. 50 ಮೈಕ್ರೋಗ್ರಾಮಿನಿಂದ ಶುರುಮಾಡಿದ ಮಾತ್ರೆ 75 ಆಯಿತು, 100 ಆಯಿತು, 125ಕ್ಕೂ ಹೋಯಿತು. ರಕ್ತಪರೀಕ್ಷೆಯ ಚೀಟಿ ಮಾತ್ರ ಹಟಮಾರಿಯಂತೆ ಅದೇ ಉತ್ತರ ಕೊಡುತ್ತಿತ್ತು. ಮಾತ್ರೆ ತಪ್ಪಿಸುತ್ತೀರಾ ಎಂದು ಕೇಳಿದರೆ ಅವರಿಗೆ ಸಿಟ್ಟು. ‘ಒಂದು ದಿನ ತಪ್ಪಿಸಿಲ್ಲ ಡಾಕ್ಟ್ರೇ, ಮರೆತುಹೋಗಬಾರದು ಎಂದು ಕಾಫಿ ಫಿಲ್ಟರಿನ ಮುಚ್ಚಳದ ಮೇಲೇ ಇಟ್ಟುಕೊಂಡಿದ್ದೇನೆ’ ಎಂದರು. ಅಲ್ಲೇ ಇತ್ತು ಗುಟ್ಟು. ಥೈರಾಕ್ಸಿನ್ ಎಂಬ ಆ ಹಾರ್ಮೋನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಕಾಫಿ ಜೊತೆಗಿದ್ದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಒಂದಷ್ಟು ಪಾಲು ಸುಮ್ಮನೆ ಹೊರಟುಹೋಗುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳೂ ಹಾಗೆಯೇ ಅಡ್ಡಬರುತ್ತವೆ. ಅವುಗಳಿಗೆ ನಾಲ್ಕು ಗಂಟೆಯ ಅಂತರ ಬೇಕು, ಕಾಫಿಗೆ ಮುಕ್ಕಾಲು ಗಂಟೆ, ಒಂದು ಗಂಟೆ. ಆಕೆ ಮಾತ್ರೆಯನ್ನು ಅಡುಗೆಮನೆಯಿಂದ ಮಲಗುವ ಕೋಣೆಗೆ ಸಾಗಿಸಿದರು. ಎರಡು ತಿಂಗಳಲ್ಲಿ ಮಾತ್ರೆಯನ್ನು ನಾನು ಇಳಿಸಬೇಕಾಯಿತು.

ಆ ಚೀಟಿಯ ವಿಷಯ ಹೇಳಿದೆನಲ್ಲ, ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ. ಅದರಲ್ಲಿ ಟಿಎಸ್‌ಎಚ್ ಎಂದು ಒಂದು ಸಾಲು ಇರುತ್ತದೆ. ಅದು 12 ಎಂದೋ 20 ಎಂದೋ ಇದ್ದಾಗ ನಾವು ‘ನಿಮಗೆ ಥೈರಾಯ್ಡ್ ಕಡಿಮೆ’ ಎನ್ನುತ್ತೇವೆ. ಜನ ಗಾಬರಿಯಾಗುತ್ತಾರೆ. ಅಂಕಿ ಹೆಚ್ಚಾಗಿದೆ, ವೈದ್ಯರು ಕಡಿಮೆ ಎನ್ನುತ್ತಾರೆ, ಯಾರಿಗೆ ತಲೆ ಕೆಟ್ಟಿದೆ? ಈ ಒಂದು ಗೊಂದಲ ಬಿಡಿಸಿದರೆ ಗ್ರಂಥಿಗಳ ಆಡಳಿತ ಮುಕ್ಕಾಲು ಪಾಲು ಅರ್ಥವಾದಂತೆ.

ಅದಕ್ಕೆ ಮುಂಚೆ ಒಂದು ಹುಂಜದ ಕತೆ. ಜರ್ಮನಿಯ ಗ್ಯೋಟಿಂಗನ್‌ನಲ್ಲಿ ಅರ್ನಾಲ್ಡ್ ಬರ್ಟೋಲ್ಡ್ ಎಂಬ ಪ್ರಾಧ್ಯಾಪಕನಿದ್ದ. 1849ರಲ್ಲಿ ಅವನು ಆರು ಎಳೆಯ ಹುಂಜಗಳ ವೃಷಣಗಳನ್ನು ತೆಗೆದ. ಬೀಜ ತೆಗೆದ ಹುಂಜ ಹೇಗಿರುತ್ತದೆ ಎಂದು ಕೋಳಿ ಸಾಕಿದವರಿಗೆ ಗೊತ್ತು: ಜುಟ್ಟು ಬಾಡುತ್ತದೆ, ಕೂಗು ನಿಲ್ಲುತ್ತದೆ, ಜಗಳಕ್ಕೆ ಹೋಗುವುದಿಲ್ಲ, ಹೇಂಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅವುಗಳಲ್ಲಿ ಕೆಲವಕ್ಕೆ ಬರ್ಟೋಲ್ಡ್ ವೃಷಣವನ್ನು ಮತ್ತೆ ಹೊಟ್ಟೆಯೊಳಗೆ, ಅದಿರಬೇಕಾದ ಜಾಗದಲ್ಲಲ್ಲ, ಕರುಳಿನ ನಡುವೆ ಎಲ್ಲೋ ಕೂರಿಸಿದ. ನರದ ಸಂಪರ್ಕವೆಲ್ಲ ಕತ್ತರಿಸಿಹೋಗಿತ್ತು. ಆದರೂ ಆ ಹುಂಜಗಳ ಜುಟ್ಟು ಕೆಂಪೇರಿತು, ಕೂಗು ಮರಳಿತು, ಜಗಳವೂ ಮರಳಿತು. ತಂತಿ ಕಿತ್ತರೂ ಸುದ್ದಿ ಮುಟ್ಟಿತು! ಹೇಗೆ? ರಕ್ತದ ಮೂಲಕ. ಈ ಪ್ರಯೋಗವನ್ನು ಅವನ ಕಾಲದವರು ಹೆಚ್ಚು ಹಚ್ಚಿಕೊಳ್ಳಲಿಲ್ಲ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಭಾವ-ಮೈದುನರು ನಾಯಿಯ ಕರುಳಿನಲ್ಲಿ ಇಂಥದ್ದೇ ಒಂದು ಸಂದೇಶದ ವಸ್ತುವನ್ನು ಹಿಡಿದರು. 1905ರಲ್ಲಿ ಸ್ಟಾರ್ಲಿಂಗ್ ತನ್ನ ಉಪನ್ಯಾಸವೊಂದರಲ್ಲಿ ‘ಹಾರ್ಮೋನು’ ಎಂಬ ಪದ ಬಳಸಿದ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಕೆರಳಿಸು, ಎಬ್ಬಿಸು. ನಮ್ಮ ಪಠ್ಯಪುಸ್ತಕದ ‘ನಿರ್ನಾಳ ಗ್ರಂಥಿ’ ಎಂಬ ಪದ ನನಗೆ ಇಷ್ಟ. ಜೊಲ್ಲಿನ ಗ್ರಂಥಿಗೆ, ಬೆವರಿನ ಗ್ರಂಥಿಗೆ ಒಂದು ನಾಳವಿದೆ. ಇವಕ್ಕಿಲ್ಲ. ತಮ್ಮ ಸರಕನ್ನು ನೇರ ರಕ್ತಕ್ಕೇ ಸುರಿಯುತ್ತವೆ, ಯಾರಿಗೆ ಬೇಕೋ ಅವರು ಎತ್ತಿಕೊಳ್ಳಲಿ ಎಂದು.

ಸುರಿಯುತ್ತವೆ ಎಂದೆ, ಆದರೆ ಅಳತೆ ಕೇಳಿ. ರಕ್ತದಲ್ಲಿ ಕೆಲಸಕ್ಕೆ ಬಿಡುವಾಗಿರುವ ಥೈರಾಕ್ಸಿನ್‌ನ ಸಾಂದ್ರತೆ ಎಷ್ಟೆಂದರೆ, ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರುಗಳನ್ನು ಹತ್ತು ಸಾವಿರ ಸಾಲಾಗಿ ನಿಲ್ಲಿಸಿ, ಎಲ್ಲಕ್ಕೂ ಸೇರಿ ಒಂದು ಗ್ರಾಂ ಕರಗಿಸಿದಷ್ಟು. ಅಷ್ಟರ ಮೇಲೆ ನಮ್ಮ ಚಳಿ, ಸೆಕೆ, ಮಲಬದ್ಧತೆ, ಮುಟ್ಟು, ಕೂದಲು, ಮನಸ್ಸಿನ ಮಂಕು ಎಲ್ಲ ನಿಂತಿದೆ.

ಈಗ ತೋಟಕ್ಕೆ ಬನ್ನಿ. ಅಲ್ಲಿನ ಆಡಳಿತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಾಹುಕಾರರು ಆಳುಗಳ ಹತ್ತಿರ ಹೋಗಿ ಮರಗಸಿ ಮಾಡಿ, ಚಿಗುರು ತೆಗೆಯಿರಿ ಎನ್ನುವುದಿಲ್ಲ. ತೋಟದ ಲೆಕ್ಕ, ಉಸ್ತುವಾರಿ ನೋಡುವ ರೈಟರಿಗೆ ಹೇಳುತ್ತಾರೆ. ರೈಟರು ಮೇಸ್ತ್ರಿಗೆ, ಮೇಸ್ತ್ರಿ ಆಳುಗಳಿಗೆ. ನಮ್ಮ ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ, ಅದು ಸಾಹುಕಾರ. ಅದರ ಕೆಳಗೆ ತೊಟ್ಟಿನಲ್ಲಿ ಜೋತುಬಿದ್ದ ಬಟಾಣಿ ಗಾತ್ರದ ಪಿಟ್ಯುಟರಿ, ತೂಕ ಅರ್ಧ ಗ್ರಾಂ, ಅದು ರೈಟರು. ಕುತ್ತಿಗೆಯ ಥೈರಾಯ್ಡ್ ಒಬ್ಬ ಮೇಸ್ತ್ರಿ. ಮೂತ್ರಪಿಂಡಗಳ ನೆತ್ತಿಯ ಮೇಲಿನ ಅಡ್ರಿನಲ್, ಅಂಡಾಶಯ, ವೃಷಣ ಇವರು ಉಳಿದ ಮೇಸ್ತ್ರಿಗಳು. ಶಾಲೆಯಲ್ಲಿ ಪಿಟ್ಯುಟರಿಯನ್ನು ಗ್ರಂಥಿಗಳ ರಾಜ ಎಂದು ಕಲಿಸುತ್ತಾರೆ. ನನಗೇಕೋ ಅದು ಒಪ್ಪಿಗೆಯಿಲ್ಲ. ಅದು ರಾಜನಲ್ಲ, ಮೇಲಿನವರ ಮಾತು ಕೇಳಿ ಕೆಳಗಿನವರ ಲೆಕ್ಕ ನೋಡುವ ರೈಟರು.

ಒಳ್ಳೆಯ ರೈಟರಿನ ಲಕ್ಷಣವೇನು? ಆಜ್ಞೆ ಕೊಟ್ಟು ಕೂರುವುದಲ್ಲ, ಸಂಜೆ ತಿರುಗಿ ನೋಡುವುದು. ಎಷ್ಟು ಕೆಲಸವಾಗಿದೆ? ಸಾಕಷ್ಟಾಗಿದ್ದರೆ ಸುಮ್ಮನಿರುತ್ತಾರೆ. ಆಗಿಲ್ಲದಿದ್ದರೆ ದನಿ ಏರಿಸುತ್ತಾರೆ. ಟಿಎಸ್‌ಎಚ್ ಎಂದರೆ ರೈಟರ ದನಿ, ಥೈರಾಯ್ಡನ್ನು ಎಬ್ಬಿಸಲು ಪಿಟ್ಯುಟರಿ ಕಳಿಸುವ ಹಾರ್ಮೋನು. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದರೆ ಪಿಟ್ಯುಟರಿ ಕೂಗುತ್ತದೆ: ಏನಯ್ಯಾ ಮೇಸ್ತ್ರಿ, ಎದ್ದಿದ್ದೀಯಾ? ಅದಕ್ಕೇ ಟಿಎಸ್‌ಎಚ್ ಏರಿದೆ ಎಂದರೆ ಥೈರಾಯ್ಡ್ ಮಂಕಾಗಿದೆ ಎಂದರ್ಥ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೆ ರೈಟರು ಬಾಯಿಯನ್ನೇ ತೆರೆಯುವುದಿಲ್ಲ, ಟಿಎಸ್‌ಎಚ್ ಸೊನ್ನೆಯ ಹತ್ತಿರ ಬರುತ್ತದೆ. ಈ ರೈಟರು ಬಹಳ ಸೂಕ್ಷ್ಮ. ಥೈರಾಕ್ಸಿನ್ ಅರ್ಧಕ್ಕಿಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಲ್ಲದು. ಅದಕ್ಕೇ ನಾವು ಮೇಸ್ತ್ರಿಯನ್ನು ಬಿಟ್ಟು ರೈಟರ ದನಿಯನ್ನು ಅಳೆಯುವುದು. ಮತ್ತೆ, ಥೈರಾಕ್ಸಿನ್ ನಿಧಾನದ ಪದಾರ್ಥ. ರಕ್ತದಲ್ಲಿ ಅದು ಅರ್ಧವಾಗಲು ವಾರ ಬೇಕು. ಮಾತ್ರೆಯ ಅಳತೆ ಬದಲಿಸಿದ ಹತ್ತೇ ದಿನಕ್ಕೆ ಪರೀಕ್ಷೆ ಮಾಡಿಸಿಕೊಂಡು ಬಂದು ‘ಏನೂ ಆಗಿಲ್ಲ’ ಎನ್ನಬೇಡಿ. ಆರರಿಂದ ಎಂಟು ವಾರ ಕೊಡಿ.

ರೈಟರೇ ಕಾಯಿಲೆ ಬಿದ್ದರೆ? ಆಗ ಈ ಲೆಕ್ಕ ಕೈಕೊಡುತ್ತದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಘಟ್ಟದಂಚಿನ ಹಳ್ಳಿಯಿಂದ ಒಬ್ಬಾಕೆಯನ್ನು ಕರೆತಂದಿದ್ದರು. ಬಿಳಿಚಿಕೊಂಡ ಮುಖ, ಮಾತು ನಿಧಾನ. ಆರು ವರ್ಷದ ಹಿಂದೆ ಮನೆಯಲ್ಲೇ ಹೆರಿಗೆಯಾದಾಗ ವಿಪರೀತ ರಕ್ತ ಹೋಗಿತ್ತಂತೆ. ಮಗುವಿಗೆ ಒಂದು ತೊಟ್ಟು ಹಾಲು ಬರಲಿಲ್ಲ, ಮುಟ್ಟು ಮತ್ತೆ ಆಗಲೇ ಇಲ್ಲ. ಮನೆಯವರು ಅದಕ್ಕೆ ಯಾರದೋ ದೃಷ್ಟಿ ಎಂದಿದ್ದರು. ಗರ್ಭಿಣಿಯರಲ್ಲಿ ಪಿಟ್ಯುಟರಿ ದಪ್ಪಗಾಗಿರುತ್ತದೆ, ಅದಕ್ಕೆ ರಕ್ತ ಹೆಚ್ಚು ಬೇಕು. ರಕ್ತಸ್ರಾವವಾಗಿ ಒತ್ತಡ ಕುಸಿದರೆ ಅದು ಸಾಯುತ್ತದೆ. ಷೀಹನ್ ಎಂಬ ವೈದ್ಯ 1937ರಲ್ಲಿ ವಿವರಿಸಿದ ಕಾಯಿಲೆ ಇದು. ಇಂಥವರಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿದರೆ ಎಲ್ಲ ಸರಿಯಿದೆ ಎಂಬಂತೆ ಕಾಣುತ್ತದೆ. ಮೇಸ್ತ್ರಿ ಮಲಗಿದ್ದಾನೆ, ಕೂಗಬೇಕಾದವರಿಗೆ ದನಿಯೇ ಇಲ್ಲ. ಆಕೆಗೆ ಬೇಕಾಗಿದ್ದದ್ದು ನಾಲ್ಕಾಣೆಯ ಮಾತ್ರೆಗಳು. ಆರು ವರ್ಷ ಯಾರೂ ‘ಹಾಲು ಬಂತೇ?’ ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲ.

ಥೈರಾಯ್ಡಿನ ಸರಕಿಗೆ ಕಚ್ಚಾವಸ್ತು ಅಯೋಡಿನ್. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಗರ್ಭಿಣಿಗೆ 250. ಅಯೋಡಿನ್ ನೀರಿನಲ್ಲಿ ಕರಗಿ ಹೋಗುವಂಥದ್ದು. ಮಳೆ ಹೆಚ್ಚಾದ ಗುಡ್ಡಸೀಮೆಯ ಮಣ್ಣಿನಿಂದ ಸಾವಿರಾರು ವರ್ಷ ತೊಳೆದು ಸಮುದ್ರ ಸೇರಿದೆ. ಕಚ್ಚಾವಸ್ತು ಇಲ್ಲದಿದ್ದರೆ ರೈಟರು ಎಷ್ಟು ಕೂಗಿದರೂ ಮೇಸ್ತ್ರಿ ಏನು ಮಾಡಿಯಾನು? ಕೂಗಿಗೆ ಬೆದರಿ ತಾನೇ ಉಬ್ಬುತ್ತಾನೆ. ಅದೇ ಗಳಗಂಡ. ನಾನು ಹುಡುಗನಾಗಿದ್ದಾಗ ಕೊಪ್ಪದ ಸಂತೆಯಲ್ಲಿ ಕುತ್ತಿಗೆಗೆ ಬದನೆಕಾಯಿ ಕಟ್ಟಿಕೊಂಡಂತೆ ಕಾಣುತ್ತಿದ್ದ ಅಜ್ಜಿಯರನ್ನು ನೋಡಿದ್ದೇನೆ. ಈಗಿನ ಮಕ್ಕಳು ನೋಡಿಲ್ಲ. ಅದರ ಹಿಂದೆ ಒಂದು ದೊಡ್ಡ ಕೆಲಸವಿದೆ. 1956ರಲ್ಲಿ ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಭಾಗಮಾಡಿ, ಕೆಲವು ಕಡೆ ಅಯೋಡಿನ್ ಬೆರೆಸಿದ ಉಪ್ಪು, ಒಂದು ಕಡೆ ಬರೀ ಉಪ್ಪು ಹಂಚಿ ವರ್ಷಗಟ್ಟಲೆ ಕಾದರು. ಬೆರೆಸಿದ ಉಪ್ಪು ತಿಂದ ಊರುಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಶುರುವಾಯಿತು. ಮನೆಗೆ ತಲುಪುವ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ 15 ಪಾಲು ಅಯೋಡಿನ್ ಇರಬೇಕೆಂಬುದು ಈಗಿನ ನಿಯಮ. ಮಳೆಗಾಲದಲ್ಲಿ ಉಪ್ಪು ನೀರೊಡೆದು ಹರಿಯುತ್ತದಲ್ಲ, ಅದರ ಜೊತೆ ಅಯೋಡಿನ್ ಕೂಡ ಹರಿದುಹೋಗುತ್ತದೆ. ಒಲೆಯ ಪಕ್ಕದ ತೆರೆದ ಮರಿಗೆ ಬೇಡ, ಮುಚ್ಚಳದ ಡಬ್ಬಿಗೆ ಹಾಕಿ.

ಕಳಲೆಯ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಥೈರಾಯ್ಡ್ ಇದ್ದವರು ಕಳಲೆ ತಿನ್ನಬಾರದಂತೆ, ನಿಜವೇ? ಅರ್ಧ ನಿಜ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಪದಾರ್ಥವಿದೆ. ಅದು ಮೈಯಲ್ಲಿ ರೂಪ ಬದಲಿಸಿ ಅಯೋಡಿನ್ ಥೈರಾಯ್ಡಿನ ಒಳಗೆ ಹೋಗದಂತೆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಆದರೆ ನಮ್ಮ ಅಜ್ಜಿಯರು ಕಳಲೆಯನ್ನು ಹಸಿಯಾಗಿ ಎಂದು ತಿಂದರು? ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ, ಆಮೇಲೆ ಬೇಯಿಸಿ, ಆ ನೀರನ್ನೂ ಚೆಲ್ಲಿ ಪಲ್ಯ ಮಾಡಿದರು. ವಿಷ ಬಹುಪಾಲು ಆ ನೀರಿನಲ್ಲೇ ಹೋಗುತ್ತದೆ. ಉಪ್ಪಿನಲ್ಲಿ ಅಯೋಡಿನ್ ಇದ್ದು, ಕಳಲೆಗೆ ಮೂರು ದಿನದ ತಾಳ್ಮೆ ತೋರಿಸುವವರು ಆಷಾಢದ ಪಲ್ಯವನ್ನು ಬಿಡಬೇಕಾಗಿಲ್ಲ. ಎಲೆಕೋಸಿನ ಬಗ್ಗೆ ಕೇಳಿದವರಿಗೂ ಇದೇ ಉತ್ತರ: ಬೇಯಿಸಿ ತಿನ್ನಿ.

ಎಳೆಕೂಸಿನ ವಿಷಯ ಮಾತ್ರ ತಮಾಷೆಯಲ್ಲ. ಥೈರಾಯ್ಡ್ ಸರಿಯಾಗಿಲ್ಲದೆ ಹುಟ್ಟುವ ಮಕ್ಕಳು ನಮ್ಮ ದೇಶದಲ್ಲಿ ಸಾವಿರಕ್ಕೊಂದರ ಆಸುಪಾಸು. ಹುಟ್ಟಿದಾಗ ನೋಡಲು ಎಲ್ಲರಂತೆಯೇ ಇರುತ್ತವೆ, ಅಳು ಕಡಿಮೆ, ‘ಬಹಳ ಸಾಧು ಮಗು’ ಎಂದು ಮನೆಯವರು ಹಿಗ್ಗುತ್ತಾರೆ. ಆ ಹೊತ್ತಿನಲ್ಲಿ ಮಿದುಳು ಬೆಳೆಯಲು ಥೈರಾಕ್ಸಿನ್ ಬೇಕು. ಮೊದಲ ಎರಡು ವಾರದೊಳಗೆ ಮಾತ್ರೆ ಶುರುಮಾಡಿದರೆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ, ತಿಂಗಳುಗಟ್ಟಲೆ ತಡವಾದರೆ ಹೋದ ಬುದ್ಧಿ ಪೂರ್ತಿ ಮರಳುವುದಿಲ್ಲ. ಹಿಮ್ಮಡಿಗೆ ಒಂದು ಸಣ್ಣ ಚುಚ್ಚು, ನಾಲ್ಕು ಹನಿ ರಕ್ತ. ಮನೆಯಲ್ಲಿ ಹೆರಿಗೆಗೆ ದಿನ ಎಣಿಸುತ್ತಿರುವವರು ಇದ್ದರೆ ಎಳೆಕೂಸಿನ ಈ ಥೈರಾಯ್ಡ್ ಪರೀಕ್ಷೆಯ ಮಾತನ್ನು ನೀವೇ ಎತ್ತಿ ಕೇಳಿ.

ಇನ್ನೊಬ್ಬ ಮೇಸ್ತ್ರಿಯ ಕಡೆ ಬರೋಣ. ಅಡ್ರಿನಲ್ ಗ್ರಂಥಿಯ ಹೊರಪದರ ಕಾರ್ಟಿಸಾಲ್ ತಯಾರಿಸುತ್ತದೆ. ಬೆಳಗಿನ ಜಾವ ಅದು ಏರುತ್ತದೆ, ಮಧ್ಯರಾತ್ರಿಗೆ ತಳ ಮುಟ್ಟುತ್ತದೆ. ರಕ್ತದೊತ್ತಡ ನಿಲ್ಲಿಸುವುದು, ಜ್ವರ, ಗಾಯ, ಉಪವಾಸಗಳನ್ನು ತಡೆದುಕೊಳ್ಳುವ ಶಕ್ತಿ ಕೊಡುವುದು ಅದರ ಕೆಲಸ. ಈಗ ಮಂಡಿನೋವು ಎಂದು ಯಾರೋ ಒಂದು ಪೊಟ್ಟಣ ಕೊಡುತ್ತಾರೆ. ನಾಲ್ಕು ಬಣ್ಣದ ಮಾತ್ರೆ, ಹೆಸರಿಲ್ಲ. ತಿಂದ ಮರುದಿನವೇ ಮುದುಕ ಗದ್ದೆಗೆ ಹೋಗಿ ಬರುತ್ತಾನೆ, ಹಸಿವೂ ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. ‘ಮೈ ಕೈ ತುಂಬಿಕೊಂಡಿದ್ದೀಯಲ್ಲೋ’ ಎಂದು ನೆಂಟರು ಹೊಗಳುತ್ತಾರೆ. ಅದು ಮೈ ತುಂಬಿದ್ದಲ್ಲ, ಸ್ಟೆರಾಯ್ಡಿನ, ಎಂದರೆ ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಔಷಧಿಯ ಊತ. ಒಳಗೆ ಏನಾಗುತ್ತಿದೆ? ರೈಟರು ಸಂಜೆ ತಿರುಗಿ ನೋಡಿದರೆ ಕೆಲಸ ಬೇಕಾದ್ದಕ್ಕಿಂತ ಹೆಚ್ಚೇ ಆಗಿದೆ. ಮಾತ್ರೆಯೇ ಮಾಡಿಬಿಟ್ಟಿದೆ. ಸುಮ್ಮನಾಗುತ್ತಾರೆ. ಕೂಗುವವರಿಲ್ಲದೆ ಮೇಸ್ತ್ರಿ ಸೊರಗುತ್ತಾನೆ, ಗ್ರಂಥಿಯೇ ಕುಗ್ಗುತ್ತದೆ. ಮೂರು ವಾರಕ್ಕೂ ಹೆಚ್ಚು ಹೀಗೆ ತಿಂದವರು ಒಂದು ದಿನ ದುಡ್ಡಿಲ್ಲವೆಂದೋ ಭಯವಾಯಿತೆಂದೋ ತಟ್ಟನೆ ನಿಲ್ಲಿಸಿದರೆ, ಹೊರಗಿನ ಕಾರ್ಟಿಸಾಲ್ ಇಲ್ಲ, ಒಳಗಿನದು ಎದ್ದಿಲ್ಲ. ಸುಸ್ತು, ವಾಂತಿ, ರಕ್ತದೊತ್ತಡ ಕುಸಿತ. ಜೊತೆಗೆ ಒಂದು ಜ್ವರ ಬಂದರೆ ಜೀವಕ್ಕೇ ಬರಬಹುದು. ಸ್ಟೆರಾಯ್ಡ್ ಕೆಟ್ಟ ಔಷಧಿ ಎಂದು ನಾನು ಹೇಳುತ್ತಿಲ್ಲ, ಉಬ್ಬಸದಲ್ಲಿ, ಸಂಧಿವಾತದಲ್ಲಿ ಅದು ಜೀವ ಉಳಿಸಿದ್ದನ್ನು ಸಾವಿರ ಸಲ ನೋಡಿದ್ದೇನೆ. ನನ್ನ ಸಿಟ್ಟು ಹೆಸರಿಲ್ಲದ ಪೊಟ್ಟಣದ ಮೇಲೆ.

ಸಂದೇಶ ಎಷ್ಟು ಎಂಬುದರಷ್ಟೇ ಯಾವ ಲಯದಲ್ಲಿ ಎಂಬುದೂ ಮುಖ್ಯ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ. ಆದರೆ ಅದಕ್ಕೆ ಮುಂಚೆ ಒಣ ದಿನಗಳ ಬಿಡುವು ಬೇಕು. ಬಿಡುವಿಲ್ಲದೆ ಜಿನುಗುತ್ತಲೇ ಇದ್ದರೆ ಮೊಗ್ಗು ಒಟ್ಟಿಗೆ ಅರಳುವುದಿಲ್ಲ, ಬಿಡಿಬಿಡಿಯಾಗಿ ಅರಳಿ ಕುಯ್ಲಿನಲ್ಲಿ ನಿಮ್ಮ ಪ್ರಾಣ ತಿನ್ನುತ್ತದೆ. ಹುಡುಗ ಹುಡುಗಿಯರು ಪ್ರಾಯಕ್ಕೆ ಬರುವುದೂ ಹೀಗೆಯೇ. ಸಾಹುಕಾರರಿಂದ ರೈಟರಿಗೆ ಗಂಟೆ, ಒಂದೂವರೆ ಗಂಟೆಗೊಮ್ಮೆ ಒಂದು ಸಣ್ಣ ಸಂದೇಶ, ಮತ್ತೆ ಮೌನ. 1978ರಲ್ಲಿ ಅರ್ನ್‌ಸ್ಟ್ ನೋಬಿಲ್ ಮತ್ತು ಜೊತೆಗಾರರು ಕೋತಿಗಳಲ್ಲಿ ಈ ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟು ನೋಡಿದರು, ಪಿಟ್ಯುಟರಿ ಸ್ಪಂದಿಸಿತು. ಅದನ್ನೇ ಎಡೆಬಿಡದೆ ಹರಿಸಿದರು, ಪಿಟ್ಯುಟರಿ ಕಿವುಡಾಯಿತು. ಇಂದು ಆರೇಳು ವರ್ಷಕ್ಕೇ ಪ್ರಾಯಕ್ಕೆ ಬರುವ ಹೆಣ್ಣುಮಕ್ಕಳಿಗೆ ಕೊಡುವ ಚುಚ್ಚುಮದ್ದು ಈ ಕಿವುಡುತನವನ್ನೇ ಉಪಯೋಗಿಸುತ್ತದೆ: ನಿಲ್ಲದೆ ಕೂಗಿ ರೈಟರನ್ನು ಸುಮ್ಮನಾಗಿಸುವುದು.

ಸಕ್ಕರೆ ಕಾಯಿಲೆಯ ಬಗ್ಗೆ ಎಲ್ಲರೂ ಎಲ್ಲ ಕಡೆ ಮಾತಾಡುತ್ತಾರೆ, ನಾನು ಸ್ವಲ್ಪದರಲ್ಲೇ ಮುಗಿಸುತ್ತೇನೆ. ಊಟಕ್ಕೆ ಮುಂಚೆ ನಿಮ್ಮ ಇಡೀ ಮೈಯ ರಕ್ತದಲ್ಲಿರುವ ಸಕ್ಕರೆ ಸುಮಾರು ಐದು ಗ್ರಾಂ, ಒಂದು ಟೀ ಚಮಚ. ಕಾಯಿಲೆ ಇಲ್ಲದವರಲ್ಲಿ, ಮದುವೆ ಊಟ ಉಂಡರೂ ಇನ್ಸುಲಿನ್ ಅದನ್ನು ಎರಡು ಚಮಚಕ್ಕೆ ಹೋಗದಂತೆ ಹಿಡಿದಿಡುತ್ತದೆ. ಹೊಟ್ಟೆಯ ಬೊಜ್ಜು, ಓಡಾಟವಿಲ್ಲದ ದಿನಚರಿ ಇವು ಕೋಶಗಳನ್ನು ಕಿವುಡಾಗಿಸುತ್ತವೆ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಜೋರಾಗಿ ಕೂಗಿ ಕೂಗಿ ಕೊನೆಗೆ ದನಿ ಕಳೆದುಕೊಳ್ಳುತ್ತದೆ. ಮಕ್ಕಳಲ್ಲಿ ಬರುವುದು ಬೇರೆ. ಅಲ್ಲಿ ಕೂಗುವ ಕೋಶಗಳೇ ಸತ್ತಿರುತ್ತವೆ. 1922ರ ಜನವರಿಗೆ ಮುಂಚೆ ಅಂಥ ಮಗುವಿಗೆ ಬದುಕು ತಿಂಗಳುಗಳಲ್ಲಿತ್ತು. ಆ ತಿಂಗಳು ಟೊರಾಂಟೋದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಮೊದಲ ಚುಚ್ಚು ಹೆಚ್ಚು ಫಲ ಕೊಡಲಿಲ್ಲ, ಹನ್ನೆರಡು ದಿನ ಬಿಟ್ಟು ಇನ್ನಷ್ಟು ಶುದ್ಧಮಾಡಿ ಕೊಟ್ಟದ್ದು ಕೆಲಸ ಮಾಡಿತು. ನಮಗೂ ಇದರಲ್ಲಿ ಒಂದು ಪಾಲಿದೆ. 1969ರಲ್ಲಿ ಆಕ್ಸ್‌ಫರ್ಡಿನ ಡೊರೊತಿ ಹಾಡ್ಜ್‌ಕಿನ್ ಇನ್ಸುಲಿನ್ ಅಣುವಿನ ಆಕಾರವನ್ನು ಬಿಡಿಸಿದಾಗ ಆ ತಂಡದಲ್ಲಿದ್ದ ಎಂ. ವಿಜಯನ್, ಆಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಜೀವಮಾನವೆಲ್ಲ ಅಲ್ಲೇ ಕೆಲಸ ಮಾಡಿದರು.

ಕೊನೆಗೆ ಕೊಟ್ಟಿಗೆ. ಕಡೂರು, ಹಾಸನದ ಕಡೆ ಹಾಲಿನ ಹಸು ಕಟ್ಟಿದವರು ಇಲ್ಲಿದ್ದೀರಿ. ಕರು ಬಿಟ್ಟ ಮೇಲೆ ತಾನೇ ಹಸು ಸೊರೆ ಬಿಡುವುದು? ಕರುವಿನ ಮೂತಿ ತಾಗಿದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ, ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಕೆಚ್ಚಲಿಗೆ ಇಳಿಯುತ್ತದೆ, ಹಾಲಿನ ಚೀಲಗಳು ಹಿಂಡಿಕೊಳ್ಳುತ್ತವೆ. ಪಳಗಿದ ಹಸುವಿಗೆ ಪಾತ್ರೆಯ ಸದ್ದೇ ಸಾಕು. ಅದೇ ಹೊಸಬರು ಕೆಚ್ಚಲಿಗೆ ಕೈ ಹಾಕಲಿ, ನಾಯಿ ಬೊಗಳಲಿ, ಹಾಲು ಮೇಲಕ್ಕೆ ಎಳೆದುಕೊಂಡಿತು ಎನ್ನುತ್ತೀರಿ. ಹೆದರಿದ ಹಸುವಿನ ಅಡ್ರಿನಲಿನ್ ಆಕ್ಸಿಟೋಸಿನ್ನಿಗೆ ಅಡ್ಡ ಬಂದಿರುತ್ತದೆ. ಮೂಡಿಗೆರೆ ರಸ್ತೆಯ ತಿರುವಿನಲ್ಲಿ ಒಂಟಿ ಸಲಗ ಎದುರಾದಾಗ ನಿಮ್ಮ ಎದೆ ಹೊಡೆದುಕೊಳ್ಳುವಂತೆ ಮಾಡುವುದು ಇದೇ ಅಡ್ರಿನಲಿನ್. ಅದರ ಆಯುಸ್ಸು ರಕ್ತದಲ್ಲಿ ಎರಡು ಮೂರು ನಿಮಿಷ, ಆದರೆ ಆ ನಿಮಿಷಗಳಲ್ಲಿ ಮೈಗೆ ಬೇರೆ ಯಾವ ಕೆಲಸವೂ ಮುಖ್ಯವಲ್ಲ. ಬಾಣಂತಿಯ ಮೈಯೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಕೋಣೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ‘ಹಾಲು ಸಾಲುತ್ತಿದೆಯೇನಮ್ಮ?’ ಎಂದು ಕೇಳಿ ಕೇಳಿ ಆ ಹುಡುಗಿಯ ಎದೆ ಬಡಿಯುವಂತೆ ಮಾಡುತ್ತಾರೆ. ಹಸುವಿಗೆ ತೋರುವ ತಿಳಿವಳಿಕೆಯನ್ನು ಸೊಸೆಗೂ ತೋರಿಸಬಾರದೇ?

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ ಎದ್ದರು. ‘ಡಾಕ್ಟ್ರೇ, ನನಗೆ ಕಣ್ಣು ಬಿಟ್ಟ ಕೂಡಲೇ ಕಾಫಿ ಬೇಕು. ಐವತ್ತು ವರ್ಷದ ಅಭ್ಯಾಸ. ಒಂದು ಗಂಟೆ ಕಾಯುವುದು ನನ್ನಿಂದ ಆಗದ ಮಾತು. ಮಾತ್ರೆಯನ್ನೇ ಆಚೆ ಈಚೆ ಮಾಡಲು ಬರುವುದಿಲ್ಲವೇ?’

ಬರುತ್ತದೆ ಎಂದೆ. ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ, ಮಲಗುವಾಗ ತೆಗೆದುಕೊಂಡರೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಊಟ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಏಳಕ್ಕೆ ಎಂದರು. ಹಾಗಾದರೆ ಹತ್ತಕ್ಕೆ ಮಾತ್ರೆ, ಬೆಳಿಗ್ಗೆ ನಿಮ್ಮ ಕಾಫಿ, ಎಂಟು ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿಕೊಂಡು ಬನ್ನಿ ಎಂದೆ. ಅವರು ಪಕ್ಕದವರ ಪೆನ್ನು ಇಸಿದುಕೊಂಡು ಕೈಚೀಲದಲ್ಲಿದ್ದ ಮಾತ್ರೆಯ ಪಟ್ಟಿಯ ಹಿಂದೆಯೇ ‘ರಾತ್ರಿ ಹತ್ತು’ ಎಂದು ಬರೆದುಕೊಂಡರು.